ಅರ್ಧ ಗಂಟೆಯ ನೇರಳೆ

ಫೆಬ್ರುವರಿ 2, ಸೋಮವಾರ

ಔಷಧಿ ಕಂಪನಿಯವರು ಪ್ರತಿ ಹೊಸ ವರ್ಷಕ್ಕೂ ನಮ್ಮ ಲ್ಯಾಬಿಗೆ ಡೈರಿ ಕಳಿಸುತ್ತಾರೆ. ನನ್ನ ಪಾಲಿನದನ್ನು ತಂದು ಹೆಂಡತಿಯ ಕೈಗಿಡುತ್ತಿದ್ದೆ. ಅವಳು ಜನವರಿ ಹತ್ತರವರೆಗೆ ಶ್ರದ್ಧೆಯಿಂದ ಬರೆದು, ಆಮೇಲೆ ಅದರ ಮೇಲೆ ಬಿಸಿ ಪಾತ್ರೆ ಇಡುತ್ತಿದ್ದಳು. ಈ ಸಲದ್ದು ಒಂದು ತಿಂಗಳು ನನ್ನ ಚೀಲದಲ್ಲೇ ಇತ್ತು. ಸುಮ್ಮನೆ ಹಾಳಾಗುವುದು ಬೇಡವೆಂದು ಬರೆಯುತ್ತಿದ್ದೇನೆ, ಅಷ್ಟೇ.

ಭಾವಮೈದುನನಿಗೆ ಫೋನು ಮಾಡಿದೆ. ಮಾರ್ಚ್ ಒಂದು, ಭಾನುವಾರ, ಬಂದು ತನ್ನ ಅಮ್ಮನನ್ನು ಕರೆದುಕೊಂಡು ಹೋಗುತ್ತಾನಂತೆ. ದೊಡ್ಡ ಮನೆಗೆ ಬದಲಾಯಿಸಿದ್ದಾನೆ, ಅವರಿಗೊಂದು ಕೋಣೆ ಇದೆಯಂತೆ. "ಒಳ್ಳೇದಾಯ್ತು ಬಿಡು, ನನಗೂ ಅನುಕೂಲ" ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆನೇನೋ. ಅಡುಗೆಮನೆಯಲ್ಲಿ ಲೋಟ ತೊಳೆಯುವ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು.

ಇನ್ನೂ ಇಪ್ಪತ್ತೇಳು ದಿನ.

ಅತ್ತೆಯವರು ಕೆಟ್ಟವರೆಂದಲ್ಲ. ಮಗಳ ಕಾಯಿಲೆಗೆಂದು ಬಂದವರು, ಅವಳು ಹೋಗಿ ಎಂಟು ತಿಂಗಳಾದರೂ ಇಲ್ಲೇ ಇದ್ದಾರೆ. ತೊಂದರೆ ಏನೆಂದರೆ ನಮ್ಮಿಬ್ಬರಿಗೂ ಪರಸ್ಪರ ಮಾತಾಡಿ ಅಭ್ಯಾಸವಿಲ್ಲ. ಮದುವೆಯಾದ ಇಪ್ಪತ್ತೆರಡು ವರ್ಷವೂ ನಮ್ಮ ಮಾತೆಲ್ಲ ಅವಳ ಮೂಲಕವೇ ನಡೆಯಿತು. ನಾನು ಎದುರಿಗೇ ಕೂತಿದ್ದರೂ "ಅಳಿಯಂದ್ರಿಗೆ ಟೀ ಬೇಕಾ ಕೇಳು" ಎಂದು ಅವರು ಅವಳಿಗೆ ಹೇಳುವುದು, "ಬೇಡ ಅಂತ ಹೇಳು" ಎಂದು ನಾನೂ ಅವಳಿಗೇ ಹೇಳುವುದು. "ನಾನೇನು ನಿಮ್ಮಿಬ್ಬರ ಪೋಸ್ಟ್‌ಮನ್ನಾ?" ಎಂದು ಅವಳು ನಗುತ್ತಿದ್ದಳು. ಈಗ ಟೀ ಸುಮ್ಮನೆ ಮೇಜಿನ ಮೇಲೆ ಬಂದು ಕೂರುತ್ತದೆ. ಬೇಡವಾಗಿದ್ದರೂ ಕುಡಿಯುತ್ತೇನೆ.

ಲ್ಯಾಬಿನಲ್ಲಿ ಕಾರ್ಡಿನ ಕೆಲಸ ತಿಂಗಳ ಕೊನೆಗೆ ಮುಗಿಯಬೇಕೆಂದು ಸಾಹೇಬರ ಆಜ್ಞೆ. ದೂರದ ಸಣ್ಣ ಆಸ್ಪತ್ರೆಗಳಿಗೆ ಹೃದಯದ ಮಾತ್ರೆ ಹೋಗುತ್ತದೆ, ಅದರಲ್ಲಿ ಔಷಧಿ ಸರಿಯಾಗಿ ಇದೆಯೋ ಇಲ್ಲವೋ ನೋಡಲು ಅಲ್ಲಿ ಯಂತ್ರವಿಲ್ಲ. ಆದರೆ ಬಣ್ಣ ನೋಡಲು ಕಣ್ಣು ಸಾಕು. ಮಾತ್ರೆಯನ್ನು ಪುಡಿ ಮಾಡಿ ಕರಗಿಸಿ ಸೋಸಿದರೆ ಬಣ್ಣವಿಲ್ಲದ ದ್ರಾವಣ. ನಾವು ಕೊಡುವ ಇನ್ನೊಂದು ದ್ರಾವಣ ತೆಳು ಹಳದಿ. ಎರಡನ್ನೂ ಸೇರಿಸಿದರೆ ನೇರಳೆ ಹುಟ್ಟುತ್ತದೆ. ಔಷಧಿಯ ಕಣ ತನ್ನ ವಿದ್ಯುದಂಶದಲ್ಲಿ ಒಂದಿಷ್ಟನ್ನು ಹಳದಿಯ ಕಣದ ಕಡೆಗೆ ಚಾಚುತ್ತದೆ, ಅದರಿಂದ ಬಂದ ಬಣ್ಣ. ಔಷಧಿ ಹೆಚ್ಚಿದ್ದಷ್ಟೂ ನೇರಳೆ ಗಾಢ. ದಾದಿಯರು ಅದನ್ನು ಐದು ಬಣ್ಣದ ಕಾರ್ಡಿನ ಪಕ್ಕ ಹಿಡಿದು ನೋಡಬೇಕು. ಮೂಲ ವಿಧಾನದಲ್ಲಿ ಮೂವತ್ತು ನಿಮಿಷ ಬಿಟ್ಟು ನೋಡಿ ಎಂದಿದೆ. ನಾನು ಹತ್ತಕ್ಕೆ ಇಳಿಸಿದ್ದೇನೆ. ಅರ್ಧ ಗಂಟೆ ಯಾರು ಕೂರುತ್ತಾರೆ.

ಫೆಬ್ರುವರಿ 4, ಬುಧವಾರ

ಅತ್ತೆಯವರು ನನ್ನ ಲ್ಯಾಬ್ ಕೋಟಿಗೆ ಗಂಜಿ ಹಾಕಿಬಿಟ್ಟಿದ್ದಾರೆ. ಬೆಳಿಗ್ಗೆ ನೋಡಿದರೆ ಕೋಟು ಕುರ್ಚಿಯ ಮೇಲೆ ನನಗಿಂತ ನೆಟ್ಟಗೆ ಕೂತಿತ್ತು. ಹಾಕಿಕೊಂಡು ತೋಳು ಮಡಚಿದರೆ ಹಪ್ಪಳ ಮುರಿದ ಸದ್ದು. ಲ್ಯಾಬಿನ ಕಿರಿಯ ಕೆಮಿಸ್ಟ್ ಹುಡುಗಿ, ನಾವೆಲ್ಲ ಗುಬ್ಬಚ್ಚಿ ಎಂದು ಕರೆಯುವವಳು, "ಸರ್, ಇವತ್ತು ನಿಮ್ಮನ್ನ ಗೋಡೆಗೆ ಒರಗಿಸಿ ಇಡಬಹುದು" ಎಂದಳು.

ಗಂಜಿ ಹಾಕಬೇಡಿ ಎಂದು ಹೇಳಬೇಕಿತ್ತು. ಯಾರ ಮೂಲಕ ಹೇಳುವುದು? ಒಂದು ಚೀಟಿಯಲ್ಲಿ "ಕೋಟಿಗೆ ಗಂಜಿ ಬೇಡ, ಕುತ್ತಿಗೆ ಕೆರೆಯುತ್ತದೆ" ಎಂದು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಫೆಬ್ರುವರಿ 7, ಶನಿವಾರ

ಗುಬ್ಬಚ್ಚಿಯ ಕೈತಪ್ಪಿ ಅಯೋಡಿನ್ ದ್ರಾವಣ ನನ್ನ ಕೋಟಿನ ಮೇಲೆ ಚೆಲ್ಲಿತು. ಬೇರೆ ದಿನವಾಗಿದ್ದರೆ ಕಂದು ಕಲೆ. ಆದರೆ ಗಂಜಿ ಹಾಕಿದ ಕೋಟು ನೋಡಿ, ಎಡಜೇಬಿನಿಂದ ಮೊಣಕಾಲವರೆಗೆ ಕಣ್ಣೆದುರೇ ಕಡುನೀಲಿಯಾಯಿತು. ಗಂಜಿಗೆ ಅಯೋಡಿನ್ ಬಿದ್ದರೆ ನೀಲಿಯಾಗುತ್ತದೆ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಮೂವತ್ತು ವರ್ಷ ಸರ್ವಿಸು ಮಾಡಿದ ನಾನು ಇಂಗು ತಿಂದ ಮಂಗನಂತೆ ನಿಂತಿದ್ದೆ.

ನೀಲಿ ತೆಗೆಯುವುದು ಕಷ್ಟವಲ್ಲ, ಕಪಾಟಿನಲ್ಲಿದ್ದ ಹೈಪೋ ನಾಲ್ಕು ಹನಿ ಸಾಕು. ಬಾಟಲಿ ತೆಗೆದು ಮತ್ತೆ ಇಟ್ಟೆ. ಆ ಎಡಜೇಬು ಅವಳು ಹೊಲಿದದ್ದು. ಬಿಳಿ ದಾರ ಮುಗಿದಿತ್ತೆಂದು ಹಸಿರು ದಾರದಲ್ಲಿ ಹೊಲಿದಿದ್ದಳು. ಅದರ ಮೇಲೆ ಮತ್ತೊಂದು ರಾಸಾಯನಿಕ ಸುರಿಯಲು ಮನಸ್ಸು ಬರಲಿಲ್ಲ. ಕೋಟನ್ನು ಸುತ್ತಿ ಮನೆಗೆ ತಂದು ಮಂಚದ ಕೆಳಗೆ ತುರುಕಿದೆ.

ಫೆಬ್ರುವರಿ 8, ಭಾನುವಾರ

ಮಂಚದ ಕೆಳಗೆ ಏನನ್ನಾದರೂ ಬಚ್ಚಿಡಬಹುದೆಂದು ನಂಬಿದ ನನ್ನನ್ನು ಏನೆನ್ನಬೇಕು. ಒಂಬತ್ತು ಗಂಟೆಗೆ ಅತ್ತೆ ಕೋಟನ್ನು ಮೇಜಿನ ಮೇಲೆ ಹರಡಿ, ನೀರು ಚಿಮುಕಿಸಿ, ಇಸ್ತ್ರಿಪೆಟ್ಟಿಗೆ ಕಾಯಿಸಿಕೊಂಡಿದ್ದರು.

ಅವರು ಮೂವತ್ತೊಂದು ವರ್ಷ ಬಟ್ಟೆ ಮಿಲ್ಲಿನ ಬಣ್ಣದ ವಿಭಾಗದಲ್ಲಿದ್ದವರು. ಒಂದು ಗುಡ್ಡೆ ನೂಲಿನ ಬಣ್ಣ ಇನ್ನೊಂದು ಗುಡ್ಡೆಗೆ ಹೊಂದುತ್ತದೋ ಇಲ್ಲವೋ ಎಂದು ಕಣ್ಣಿನಲ್ಲೇ ಹೇಳುವುದು ಅವರ ಕೆಲಸವಾಗಿತ್ತು. ಅವರಿಗೆ ಕಲೆ ಎಂದರೆ ಹಬ್ಬ.

ಬಿಸಿ ಪೆಟ್ಟಿಗೆ ನೀಲಿಯ ಮೇಲೆ ಹಾಯಿತು. ನೀಲಿ ಮಾಯವಾಯಿತು. ಅತ್ತೆ ಗೆದ್ದವರಂತೆ ನನ್ನ ಕಡೆ ನೋಡಿದರು. ಒಂದು ನಿಮಿಷ ಕಳೆದು ಬಟ್ಟೆ ಆರುತ್ತಿದ್ದಂತೆ ನೀಲಿ ಮೆಲ್ಲಗೆ ಹಿಂದಕ್ಕೆ ಬಂತು. ಅವರು ಮತ್ತೆ ತಿಕ್ಕಿದರು. ಮತ್ತೆ ಹೋಯಿತು. ಮತ್ತೆ ಬಂತು, ಕೊಂಚ ಮಸುಕಾಗಿ. ಮೂರನೇ ಸಲ ಪೆಟ್ಟಿಗೆ ಹಸಿರು ದಾರದ ಮೇಲೆ ಹೋಗುವಾಗ ನಾನು ಕೂಗಿದೆ.

"ಜೇಬಿನ ಮೇಲೆ ಬೇಡ. ಅದು ಅವಳು ಹೊಲಿದದ್ದು."

ಎಂಟು ತಿಂಗಳಲ್ಲಿ ನಮ್ಮಿಬ್ಬರ ಮಧ್ಯೆ ಅವಳ ವಿಷಯ ಬಂದದ್ದು ಅದೇ ಮೊದಲು. ಅತ್ತೆ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು. ನನಗೆ ನಾಚಿಕೆಯಾಯಿತು. ಏನಾದರೂ ಮಾತಾಡಬೇಕಲ್ಲ ಎಂದು ಬಣ್ಣದ ಬಗ್ಗೆ ಹೇಳತೊಡಗಿದೆ.

"ಇದು ಪಕ್ಕಾ ಬಣ್ಣಾನಾ, ಕಚ್ಚಾನಾ?" ಎಂದು ಕೇಳಿದರು. ನೇರವಾಗಿ ನನ್ನನ್ನೇ.

"ಕಚ್ಚಾ. ಒಂದಕ್ಕೊಂದು ಕಟ್ಟಿಕೊಂಡಿಲ್ಲ. ಗಂಜಿ ತನ್ನದು ಸ್ವಲ್ಪ ಕೊಡುತ್ತೆ, ಅಯೋಡಿನ್ ಸ್ವಲ್ಪ ತಗೊಳ್ಳುತ್ತೆ. ಹತ್ತಿರ ಇರೋವರೆಗೆ ನೀಲಿ. ಬಿಸಿ ತಾಗಿದ್ರೆ ದೂರ ಸರೀತವೆ, ತಣ್ಣಗಾದ್ರೆ ಮತ್ತೆ ಬರ್ತವೆ."

"ಅಂದ್ರೆ ಎರಡಕ್ಕೂ ಸಂಬಂಧ ಅಂತ ಏನೂ ಇಲ್ಲ."

"ಸಂಬಂಧ ಅಂತ ಹೇಳೋವಂಥದ್ದು ಇಲ್ಲ."

"ಏನೂ ಇಲ್ದೇನೇ ಇಷ್ಟು ನೀಲಿ," ಎಂದು ಕೋಟನ್ನು ಮಡಚಿಟ್ಟರು. ಜೇಬು ಹಾಗೇ ನೀಲಿಯಾಗಿ ಉಳಿದಿದೆ. ಮಧ್ಯಾಹ್ನ ನೋಡಿದರೆ ಫ್ರಿಜ್ಜಿನ ಮೇಲಿನ ನನ್ನ ಚೀಟಿ ಇರಲಿಲ್ಲ.

ಫೆಬ್ರುವರಿ 12, ಗುರುವಾರ

ಕಾರ್ಡು ಕೈಕೊಟ್ಟಿದೆ. ಬಣ್ಣ ಬಂದ ಒಂದೇ ಗಾಜಿನ ನಳಿಕೆಯನ್ನು ಐದು ಜನಕ್ಕೆ ತೋರಿಸಿದೆ, ಐದು ಉತ್ತರ ಬಂತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಅರ್ಧ ಔಷಧಿ ಇರುವ ಮಾತ್ರೆಯನ್ನು ಗುಬ್ಬಚ್ಚಿ ಸರಿಯಾಗಿದೆ ಎಂದಳು, ಪೂರ್ತಿ ಇರುವುದನ್ನು ಸಾಹೇಬರು ಕಳಪೆ ಎಂದರು. ಹೀಗೆ ಹೊರಗೆ ಹೋದರೆ ಯಾರದೋ ಜೀವಕ್ಕೆ ಬರುತ್ತದೆ.

ಕಾರ್ಡನ್ನು ಮನೆಗೆ ತಂದೆ. ಅತ್ತೆ ಟೀ ಇಡುತ್ತಾ ಒಂದು ಕ್ಷಣ ನಿಂತು ನೋಡಿದರು. "ಎರಡನೇದೂ ಮೂರನೇದೂ ಅಕ್ಕತಂಗಿ ಥರ ಇವೆ. ಯಾವ ಬೆಳಕಲ್ಲಿ ನೋಡಿದ್ರಿ?"

"ಟ್ಯೂಬ್‌ಲೈಟಲ್ಲಿ."

"ಟ್ಯೂಬ್‌ಲೈಟಲ್ಲಿ ನೇರಳೆ ನೋಡೋದಾ," ಎಂದು ಹೇಳಿ ಹೋದರು. ಮಿಲ್ಲಿನಲ್ಲಿ ಹೊಸಬರಿಗೆ ಹೀಗೇ ಹೇಳುತ್ತಿದ್ದರೇನೋ. ಟೀಗೆ ಇವತ್ತು ಸಕ್ಕರೆ ಸರಿಯಾಗಿತ್ತು. ಕಡಿಮೆ ಸಕ್ಕರೆ ಎಂದು ನಾನು ಯಾವಾಗ ಹೇಳಿದ್ದೆ?

ಫೆಬ್ರುವರಿ 15, ಭಾನುವಾರ

ಅತ್ತೆಯನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ಸಾಹೇಬರನ್ನು ಮೊದಲೇ ಕೇಳಿದ್ದೆ. ಗೇಟಿನಲ್ಲಿ ಕಾವಲುಗಾರ ಪುಸ್ತಕ ತೆರೆದು, "ಇವರು ನಿಮಗೇನಾಗಬೇಕು?" ಎಂದ. "ಅತ್ತೆ" ಎಂದೆ. ಅವನು ಬರೆದುಕೊಂಡ.

ರಜಾದಿನದ ಲ್ಯಾಬು ತಣ್ಣಗಿತ್ತು. ಅವರು ಒಳಗೆ ಬಂದವರೇ ದೀಪ ಆರಿಸಿ, ಬಿಸಿಲು ನೇರವಾಗಿ ಬೀಳದ ಕಿಟಕಿಯನ್ನು ಹುಡುಕಿ, ಅದರ ಮುಂದೆ ಸ್ಟೂಲು ಎಳೆದುಕೊಂಡು ಕೂತರು. ಹಿಂದೆ ಬಿಳಿ ಕಾಗದ ಹಿಡಿಯಲು ನನಗೆ ಹೇಳಿದರು. ನಾನು ಔಷಧಿ ಗೊತ್ತಿರುವ ಐದು ನಳಿಕೆ ತಯಾರಿಸಿ, ಹಳದಿ ಬೆರೆಸಿ, ಗಡಿಯಾರ ಹಾಕಿದೆ. ಹತ್ತು ನಿಮಿಷಕ್ಕೆ, "ಈಗ ನೋಡಿ" ಎಂದೆ.

"ಇದು ಇನ್ನೂ ಬರ್ತಾ ಇದೆ."

"ಏನು?"

"ಬಣ್ಣ ಇನ್ನೂ ಬರ್ತಾ ಇದೆ. ದಾರೀಲಿರೋರನ್ನ ಬಂದ್ರಾ ಅಂತ ಕೇಳಿದ್ರೆ ಹೇಗೆ?"

ಕೈಗಳನ್ನು ಮಡಿಲಲ್ಲಿಟ್ಟು ಕೂತೇ ಇದ್ದರು. ನಾನು ಬಾಗಿಲಿಗೂ ಬೇಸಿನ್ನಿಗೂ ಮಧ್ಯೆ ಓಡಾಡಿದೆ. ಇಪ್ಪತ್ತು ನಿಮಿಷಕ್ಕೆ ನನ್ನ ಅಂಗೈ ಬೆವೆತಿತ್ತು. ಅರ್ಧ ಗಂಟೆಗೆ ಕಿಟಕಿಯ ಹತ್ತಿರ ಬಂದು ನೋಡಿದರೆ ಐದು ನಳಿಕೆಯೂ ಐದು ಬೇರೆ ಬೇರೆ ಬಣ್ಣ, ಕುರುಡನಿಗೂ ಕಾಣುವಷ್ಟು. ಅತ್ತೆ ಬೆರಳಿಟ್ಟು ಹೆಸರು ಹೇಳಿದರು. ಔಷಧಿಯೇ ಇಲ್ಲದ್ದು ಹಳದಿಯಾಗಿಯೇ ಉಳಿದಿತ್ತು, ಅದು ನಿಂಬೆ. ಆಮೇಲೆ ಈರುಳ್ಳಿ ಸಿಪ್ಪೆ, ಬೀಟ್‌ರೂಟು, ದ್ರಾಕ್ಷಿ. ಪೂರ್ತಿ ಔಷಧಿಯದ್ದು ಬದನೆಕಾಯಿ. ನಾನು ಕಾರ್ಡಿನಲ್ಲಿ ಒಂದು, ಎರಡು, ಮೂರು ಎಂದು ಬರೆದಿದ್ದೆ. ಈಗ ದಾದಿಯರು ಯಾರೂ ತಪ್ಪುವುದಿಲ್ಲ.

ತಪ್ಪು ಕಾರ್ಡಿನದಲ್ಲ, ನನ್ನದು. ಚಳಿಗೆ ಬಣ್ಣ ನಿಧಾನ, ಸೆಕೆಗೆ ಬೇಗ. ಹತ್ತು ನಿಮಿಷಕ್ಕೆ ಓದಿದರೆ ಪ್ರತಿ ಕೋಣೆಯಲ್ಲೂ ಒಂದೊಂದು ಉತ್ತರ ಬರುತ್ತದೆ. ಹೊಸದಾಗಿ ಸೇರಿದವರು ಮಾಡಿದ್ದರೆ ನಾನೇ ಬೈಯುತ್ತಿದ್ದೆ.

"ಪುಸ್ತಕದಲ್ಲಿ ಎಷ್ಟಿದೆ?" ಎಂದರು.

"ಮೂವತ್ತು."

"ಆತುರಗಾರನಿಗೆ ಬುದ್ಧಿ ಮಟ್ಟ," ಎಂದವರು ನಾಲಿಗೆ ಕಚ್ಚಿಕೊಂಡರು. ಅಳಿಯನಿಗೆ ಹಾಗೆಲ್ಲ ಹೇಳಬಾರದೆಂದು ನೆನಪಾಗಿರಬೇಕು. ನನಗೆ ನಗು ಬಂತು. "ಯಾಕೆ ಹತ್ತಕ್ಕೆ ಇಳಿಸಿದ್ರಿ?"

"ಅರ್ಧ ಗಂಟೆ ಕಾಯೋದು ನನ್ನ ಕೈಲಿ ಆಗಲ್ಲ."

ಅವರು ನನ್ನನ್ನೇ ನೋಡಿದರು. ಬರುವಾಗ ಬಸ್ಸಿನಲ್ಲಿ ಜಾಗವಿರಲಿಲ್ಲ, ನಡೆದೇ ಬಂದೆವು. ಇನ್ನು ಹದಿನಾಲ್ಕು ದಿನ.

ಫೆಬ್ರುವರಿ 17, ಮಂಗಳವಾರ

ಇದನ್ನು ಬರೆಯಬಾರದು ಎಂದುಕೊಂಡಿದ್ದೆ.

ಜೂನ್ ಹನ್ನೊಂದರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವಳು ಎದ್ದು ಕೂತಿದ್ದಳು, ಬ್ರೆಡ್ಡು ತಿಂದಿದ್ದಳು. ಲ್ಯಾಬಿನಲ್ಲಿ ನಳಿಕೆಗಳನ್ನಿಟ್ಟು ಬಂದಿದ್ದೆ, ಬಣ್ಣ ಓದುವ ಹೊತ್ತಾಗಿತ್ತು. ಲ್ಯಾಬು ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ. "ಅರ್ಧ ಗಂಟೇಲಿ ಬಂದ್ಬಿಡ್ತೀನಿ" ಎಂದೆ. "ಹೋಗಿ, ನಾನೆಲ್ಲಿ ಹೋಗ್ತೀನಿ, ಕಾಯ್ತೀನಿ" ಎಂದಳು. ಬಂದದ್ದು ನಲವತ್ತು ನಿಮಿಷಕ್ಕೆ. ಅತ್ತೆ ಕೈಯಲ್ಲಿ ಬಾಚಣಿಗೆ ಹಿಡಿದು ವಾರ್ಡಿನ ಹೊರಗೆ ನಿಂತಿದ್ದರು.

ಅಂದಿನಿಂದ ಅವರ ಮುಖ ನೋಡಿದರೆ ನನಗೆ ಆ ಬಾಚಣಿಗೆ ಕಾಣುತ್ತದೆ. ಅವರಿಗೆ ನನ್ನ ಮುಖದಲ್ಲಿ ಆ ಹತ್ತು ನಿಮಿಷ ಕಾಣುತ್ತಿರಬೇಕು.

ಫೆಬ್ರುವರಿ 20, ಶುಕ್ರವಾರ

ಸಂಜೆ ಅತ್ತೆ ಹಳೇ ಚಿಂದಿಗಳನ್ನು ಹರಡಿಕೊಂಡು ಕಾರ್ಡಿಗೆ ಸರಿಹೋಗುವ ದ್ರಾಕ್ಷಿ ಬಣ್ಣ ಹುಡುಕಿದರು. ಸಿಕ್ಕಿದ್ದು ಅವಳ ಹಳೇ ರವಿಕೆಯ ತುಂಡಿನಲ್ಲಿ. ಇಬ್ಬರೂ ಅದನ್ನು ನೋಡಿದೆವು. ಅದನ್ನೇ ಮುದ್ರಣದವನಿಗೆ ಮಾದರಿಗೆ ಕೊಡುತ್ತೇನೆ.

ಇನ್ನು ಒಂಬತ್ತೇ ದಿನ.

ಫೆಬ್ರುವರಿ 22, ಭಾನುವಾರ

ಅತ್ತೆ ಇವತ್ತು ತಮ್ಮ ಬಟ್ಟೆ ಮಡಚುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ಸುಮ್ಮನೆ ನಿಂತಿದ್ದೆ, ಕೆಲಸವೇನೂ ಇರಲಿಲ್ಲ.

"ನಿಮಗೊಂದು ಮಾತು ತಲುಪಿಸೋದಿದೆ," ಎಂದರು. "ಅವಳು ಹೇಳಿದ್ದು. ಅವತ್ತು."

ನಾನು ಕೂತೆ.

"ಅವಳ ತಲೆ ಬಾಚ್ತಾ ಇದ್ದೆ. 'ಅಮ್ಮ, ಅವರು ಬರೋವರೆಗೆ ಕಾಯ್ತೀನಿ ಅಂದಿದ್ದೆ, ಆಗ್ತಾ ಇಲ್ಲ, ಕೋಪ ಮಾಡ್ಕೋಬೇಡಿ ಅಂತ ಹೇಳು' ಅಂದ್ಲು."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಮಗಿಬ್ಬರಿಗೂ ಮಾತಿರ್ಲಿಲ್ಲವಲ್ಲ. ನಿಮ್ಮ ಮುಖ ನೋಡಿದ್ರೆ ನನ್ನ ಮೇಲೆ ಕೋಪ ಇದ್ದ ಹಾಗೆ ಕಾಣ್ತಿತ್ತು, ಅವಳ ಹತ್ರ ಕೊನೇಗೆ ಇದ್ದಿದ್ದು ನಾನು ಅಂತ." ಸೀರೆಯ ಮಡಿಕೆಯನ್ನು ಕೈಯಿಂದ ಒತ್ತಿದರು. "ಅಲ್ದೇ, ಹೇಳಿಬಿಟ್ರೆ ಈ ಮನೇಲಿ ನನಗೆ ಬೇರೆ ಏನು ಕೆಲಸ ಉಳಿಯುತ್ತೆ ಅನ್ನಿಸ್ತು."

ಅತ್ತೆ, ನನ್ನ ಕೋಪ ಅವಳ ಮೇಲಲ್ಲ, ನಿಮ್ಮ ಮೇಲಲ್ಲ. ಇದನ್ನು ಅವರಿಗೆ ಹೇಳಬೇಕಿತ್ತು, ಇಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ಕೂತು ಅತ್ತುಬಿಟ್ಟೆ, ಅಷ್ಟೇ ಮಾಡಿದ್ದು. ಅವರು ಎದ್ದು ಹೋಗಲಿಲ್ಲ.

ಫೆಬ್ರುವರಿ 23, ಸೋಮವಾರ

ರಜೆ ಹಾಕಿದೆ. ಮಲಗಿದ್ದೆ. ಟೀ ಎರಡು ಸಲ ಬಂತು.

ಫೆಬ್ರುವರಿ 26, ಗುರುವಾರ

ಕಾರ್ಡು ಪಾಸಾಯಿತು. ಇಪ್ಪತ್ತು ದಾದಿಯರನ್ನು ಕೂರಿಸಿ ನೋಡಿದೆವು, ಹತ್ತೊಂಬತ್ತು ಜನ ಸರಿಯಾಗಿ ಓದಿದರು. ಇಪ್ಪತ್ತನೆಯವರು ಕನ್ನಡಕ ಮರೆತು ಬಂದಿದ್ದರು. ಕಾರ್ಡಿನ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ: ದೀಪ ಬೇಡ, ಕಿಟಕಿಯ ಬೆಳಕಿನಲ್ಲಿ ನೋಡಿ. ಮೂವತ್ತು ನಿಮಿಷ ಕಾಯಿರಿ.

ಸಾಹೇಬರು ಬೆನ್ನು ತಟ್ಟಿದರು. ಮನೆಗೆ ಬಂದು ಹೇಳಿದರೆ ಅತ್ತೆ, "ಬದನೆಕಾಯಿ ಸರಿಯಾಗಿ ಅಚ್ಚಾಗಿದೆಯಾ?" ಎಂದಷ್ಟೇ ಕೇಳಿದರು. ಸಂತೋಷವಾಗಬೇಕಿತ್ತು. ಏಕೋ ಊಟ ಸೇರಲಿಲ್ಲ.

ಫೆಬ್ರುವರಿ 28, ಶನಿವಾರ

ಅವರ ಎರಡು ಚೀಲ ಬಾಗಿಲ ಬಳಿ ಇವೆ. ಒಳಕೋಣೆಯಲ್ಲಿ ಇನ್ನೊಂದು ಅರ್ಧ ತುಂಬಿದೆ. ಕೋಟನ್ನು ಒಗೆದು ಹಾಕಿದ್ದಾರೆ. ಗಂಜಿ ಇಲ್ಲ, ಇಸ್ತ್ರಿಯೂ ಇಲ್ಲ, ಹಗ್ಗದ ಮೇಲೆ ಜೋಲು ಬಿದ್ದಿದೆ. ಜೇಬಿನ ನೀಲಿಯೂ ನೀರಿಗೆ ಹೋಗಿದೆ. ಹಸಿರು ದಾರ ಮಾತ್ರ ಇದೆ.

ನಾಳೆ ಹತ್ತಕ್ಕೆ ಭಾವಮೈದುನ ಬರುತ್ತಾನೆ. ಎಲ್ಲ ನನ್ನ ಅನುಕೂಲದಂತೆಯೇ ನಡೆದಿದೆ.

ಮಾರ್ಚ್ 1, ಭಾನುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಭಾವಮೈದುನ ಹತ್ತಕ್ಕೆ ಸರಿಯಾಗಿ ಬಂದ. ಒಳ್ಳೆಯ ಹುಡುಗ, ಅಮ್ಮನ ಕೋಣೆಗೆ ಹೊಸ ಪರದೆ ಹಾಕಿಸಿದ್ದನಂತೆ. ಟೀ ಕುಡಿದು, "ಹೊರಡೋಣ್ವಾ ಅಮ್ಮ?" ಎಂದು ಎದ್ದ. ಅತ್ತೆ ಚಪ್ಪಲಿ ಹಾಕಿಕೊಂಡರು. ಇಪ್ಪತ್ತೆರಡು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ, ನಾನು ಅವನ ಕಡೆ ತಿರುಗಿದೆ.

"ನಿಮ್ಮ ಅಮ್ಮನಿಗೆ ಹೇಳು, ಹೋಗ್ಲೇಬೇಕು ಅಂತೇನಿಲ್ಲ ಅಂತ."

ಅವನು ಏನೂ ತಿಳಿಯದೆ ಅಮ್ಮನ ಮುಖ ನೋಡಿದ.

"ನನ್ನ ಕಿವಿ ಚೆನ್ನಾಗೇ ಇವೆ," ಎಂದರು ಅತ್ತೆ. "ಹೇಳೋದಿದ್ರೆ ನನಗೇ ಹೇಳಿ. ಪೋಸ್ಟ್‌ಮನ್ ಹೋಗಾಯ್ತಲ್ಲ."

"ಇನ್ನೆರಡು ಮಾತ್ರೆಗೆ ಕಾರ್ಡು ಮಾಡೋದಿದೆ," ಎಂದೆ. "ಬಣ್ಣ ನೋಡೋಕೆ ಯಾರಾದ್ರೂ ಬೇಕು."

"ಕಾರ್ಡಿಗೆ ಬೇಕಾದ್ರೆ ಕಾಗದ ಬರೀರಿ, ಬಂದು ನೋಡಿ ಹೋಗ್ತೀನಿ. ಅವತ್ತು ಫೋನಲ್ಲಿ ಅನುಕೂಲ ಅಂದಿದ್ದು ಇದೇ ಬಾಯಿ ತಾನೇ?"

"ಇದೇ ಬಾಯಿ. ಗೊತ್ತಿಲ್ದೇ ಅಂದೆ." ಅವರ ಎದುರಿಗೇ ಹೋಗಿ ನಿಂತೆ. "ಕಾರ್ಡಿಗಲ್ಲ ಅತ್ತೆ. ನನಗೆ. ಮನೇಲಿ ನೀವು ಇರಬೇಕು. ನನಗೆ ನಿಮ್ಮ ಮೇಲೆ ಯಾವತ್ತೂ ಕೋಪ ಇರ್ಲಿಲ್ಲ."

ಭಾವಮೈದುನ ಎತ್ತಿದ್ದ ಚೀಲವನ್ನು ಮೆಲ್ಲಗೆ ಕೆಳಗಿಟ್ಟ. ಅತ್ತೆ ಗೋಡೆ ನೋಡಿದರು, ಮಗನನ್ನು ನೋಡಿದರು, ಕೊನೆಗೆ ನನ್ನನ್ನು.

"ಅರ್ಧ ಗಂಟೆ ಕೊಡಿ," ಎಂದು ಹೇಳಿ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ನಾನು ಹೊರಗಿನ ಮೆಟ್ಟಿಲ ಮೇಲೆ ಕೂತೆ. "ಬೀದಿ ಕೊನೇವರೆಗೆ ನಡೆದು ಬರೋಣ ಭಾವ, ಅರ್ಧ ಗಂಟೆ ಇದೆಯಲ್ಲ," ಎಂದ ಭಾವಮೈದುನ. "ನೀನು ಹೋಗಿ ಬಾ, ನಾನು ಇಲ್ಲೇ ಇರ್ತೀನಿ," ಎಂದೆ. ಅವನು ಹೋದ. ಎದುರು ಮನೆಯವರು ಸೈಕಲ್ಲು ತೊಳೆಯುತ್ತಿದ್ದರು. ಹತ್ತು ನಿಮಿಷಕ್ಕೆ ಏಳಬೇಕೆನ್ನಿಸಿತು, ಏಳಲಿಲ್ಲ. ಇಪ್ಪತ್ತಕ್ಕೆ ಅಂಗೈ ಬೆವೆತಿತ್ತು, ಪ್ಯಾಂಟಿಗೆ ಒರೆಸಿಕೊಂಡೆ. ಇಪ್ಪತ್ತೈದಕ್ಕೆ ಒಳಗೆ ಚೀಲದ ಜಿಪ್ಪು ಎಳೆದ ಸದ್ದಾಯಿತು. ಹಾಕಿದ್ದೋ ತೆಗೆದದ್ದೋ ತಿಳಿಯಲಿಲ್ಲ. ಮೂವತ್ತೂ ಆಯಿತು. ಕೂತೇ ಇದ್ದೆ.

ನಲವತ್ತನೇ ನಿಮಿಷಕ್ಕೆ ಬಾಗಿಲು ತೆರೆಯಿತು. ಅತ್ತೆಯ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕಣ್ಣು ಕೆಂಪಾಗಿತ್ತು. ಹಗ್ಗದ ಮೇಲಿದ್ದ ನನ್ನ ಕೋಟು ಅವರ ತೋಳಿನ ಮೇಲಿತ್ತು.

"ನಾಳೆ ಸೋಮವಾರ," ಎಂದರು. "ಇದಕ್ಕೆ ಗಂಜಿ ಹಾಕ್ಲಾ, ಬೇಡ್ವಾ?"

"ಹಾಕಿ ಅತ್ತೆ," ಎಂದೆ.